ಚಹಾದ ಮಿಜಾಜು: ಬೆರಕೆಯೂ ಕಲಬೆರಕೆಯೂ

ಕನ್ನಡಿಗರಾದ ನಮ್ಮಲ್ಲಿ ಒಂದೇ ಪಾನೀಯಕ್ಕೆ ಎರಡು ಹೆಸರುಗಳಿವೆ. ಬೆಳಗಾವಿ, ಧಾರವಾಡ, ಕಲಬುರಗಿಯ ಕಡೆ ಅದು ಚಹಾ ಅಥವಾ ಚಾ. ಮೈಸೂರು, ಬೆಂಗಳೂರಿನ ಕಡೆ ಟೀ. ಈ ಎರಡು ಹೆಸರುಗಳ ಹಿಂದೆ ಎರಡು ದಾರಿಗಳಿವೆ. ಚೀನದ ಫುಜಿಯಾನ್ ಕರಾವಳಿಯ ಜನ ಈ ಎಲೆಯನ್ನು ‘ತೆ’ ಎಂದು ಕರೆಯುತ್ತಿದ್ದರು. ಡಚ್ ವರ್ತಕರು ಹಡಗುಗಳಲ್ಲಿ ಎಲೆಯ ಜೊತೆಗೆ ಆ ಹೆಸರನ್ನೂ ಯೂರೋಪಿಗೆ ಒಯ್ದರು. ಇಂಗ್ಲಿಷರ ಬಾಯಲ್ಲಿ ಅದು ಟೀ ಆಗಿ ನಮ್ಮಲ್ಲಿಗೆ ಬಂತು. ಚೀನದ ಉಳಿದ ಬಹುಭಾಗದಲ್ಲಿ ಅದರ ಹೆಸರು ‘ಚಾ’. ಆ ಹೆಸರು ಒಂಟೆಗಳ ಸಾಲಿನೊಂದಿಗೆ ಮಧ್ಯ ಏಷ್ಯಾ ದಾಟಿ ಫಾರ್ಸಿಯಲ್ಲಿ ‘ಚಾಯ್’ ಆಯಿತು, ಉರ್ದುವಿನಲ್ಲೂ ಹಾಗೆಯೇ ಉಳಿಯಿತು. ನಾವು ಟೀ ಎಂದಾಗ ಸಮುದ್ರದ ದಾರಿಯನ್ನೂ, ಚಾ ಎಂದಾಗ ನೆಲದ ದಾರಿಯನ್ನೂ ತಿಳಿಯದೆಯೇ ನೆನೆಯುತ್ತಿರುತ್ತೇವೆ.

ಹೆಸರು ಎರಡಿದ್ದರೂ ಆಹಾರ ಕಾನೂನಿನ ಕಣ್ಣಿಗೆ ಚಹಾ ಒಂದೇ. ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಗಿಡದ ಚಿಗುರು ಮತ್ತು ಎಳೆಯ ಎಲೆಗಳಿಂದ ತಯಾರಾದದ್ದಷ್ಟೇ ಚಹಾ. ತುಳಸಿ, ಮಜ್ಜಿಗೆಹುಲ್ಲು, ಶುಂಠಿ, ಹೂವಿನ ಎಸಳು ಇವುಗಳನ್ನು ಬಿಸಿನೀರಿಗೆ ಹಾಕಿದರೆ ಅದು ಚಹಾ ಅಲ್ಲ, ಕಷಾಯ. ಸಸ್ಯಶಾಸ್ತ್ರದ ಪ್ರಕಾರ ಇದು ಸರಿಯೇ. ಆದರೆ ಜನ ಸಸ್ಯಶಾಸ್ತ್ರದ ಪುಸ್ತಕ ನೋಡಿ ಬಾಯಾರಿಕೆ ತೀರಿಸಿಕೊಂಡವರಲ್ಲ. ಈ ಎಲೆ ಯಾವ ನಾಡಿಗೆ ಹೋದರೂ ಅಲ್ಲಿ ಒಲೆಯ ಮೇಲೆ ಮೊದಲೇ ಒಂದು ಕಷಾಯ ಕುದಿಯುತ್ತಿತ್ತು. ಎಲೆ ಆ ಪಾತ್ರೆಗೇ ಬಿತ್ತು. ಬೇರೆ ಬೇರೆ ಪರಿಮಳದ ಚಹಾಗಳನ್ನು ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದರೆ ಪ್ರತಿಯೊಂದರಲ್ಲೂ ಎರಡು ಪದರ ಸಿಗುತ್ತದೆ: ಆಮೇಲೆ ಬಂದ ಎಲೆ ಮತ್ತು ಮೊದಲೇ ಇದ್ದ ಕಷಾಯ. ಚಹಾದ ಚರಿತ್ರೆ ಎಂದರೆ ಈ ಬೆರಕೆಯ ಚರಿತ್ರೆ.

ಶುದ್ಧ ಚಹಾದ ಹಳೆಯ ಜಗಳ

ಚಹಾದಲ್ಲಿ ಏನು ಬೆರೆಸಬಹುದು, ಏನು ಬೆರೆಸಬಾರದು ಎಂಬ ವಾದ ಇಂದಿನದಲ್ಲ. ಕ್ರಿ.ಶ. 8ನೆಯ ಶತಮಾನದಲ್ಲಿ, ಚೀನದ ಟಾಂಗ್ ರಾಜರ ಕಾಲದಲ್ಲಿ, ಲು ಯು ಎಂಬಾತ ‘ಚಾ ಜಿಂಗ್’ ಎಂಬ ಗ್ರಂಥ ಬರೆದ. ಚಹಾದ ಬಗ್ಗೆಯೇ ಬರೆದ ಗ್ರಂಥಗಳಲ್ಲಿ ನಮಗೆ ತಿಳಿದ ಮೊದಲನೆಯದು ಅದು. ಅವನ ಕಾಲದ ಜನ ಎಲೆಯ ಜೊತೆ ಈರುಳ್ಳಿ, ಶುಂಠಿ, ಬೋರೆಯ ಜಾತಿಯ ಹಣ್ಣು, ಕಿತ್ತಳೆ ಸಿಪ್ಪೆ, ಪುದೀನ ಎಲ್ಲವನ್ನೂ ಹಾಕಿ ಚೆನ್ನಾಗಿ ಕುದಿಸಿ ಕುಡಿಯುತ್ತಿದ್ದರು. ಲು ಯುಗೆ ಅದು ಚರಂಡಿಯ ನೀರಿಗೆ ಸಮ. ಅವನು ಒಪ್ಪಿದ ಬೆರಕೆ ಒಂದೇ, ಚಿಟಿಕೆ ಉಪ್ಪು. ಅವನ ಈ ಸಿಟ್ಟಿನಿಂದಲೇ ನಮಗೆ ಒಂದು ಸಂಗತಿ ತಿಳಿಯುತ್ತದೆ. ಶುಂಠಿ, ಪುದೀನ ಹಾಕಿದ ಚಹಾ ಪಂಡಿತರ ‘ಶುದ್ಧ’ ಚಹಾಕ್ಕಿಂತ ಕಿರಿಯದಲ್ಲ. ಜನ ಅದನ್ನು ಕುಡಿಯುತ್ತಿದ್ದರು ಎಂಬ ಕಾರಣಕ್ಕೇ ಪಂಡಿತನಿಗೆ ಶುದ್ಧತೆಯ ಪಾಠ ಬರೆಯಬೇಕಾಯಿತು.

ಚೀನದ ಹೊರಗೆ ಈ ಎಲೆಯ ಸುದ್ದಿ ಮುಟ್ಟಿಸಿದ ಮೊದಲ ಬರಹಗಳಲ್ಲಿ ಒಂದು ಅರಬಿ ಭಾಷೆಯದು. ಕ್ರಿ.ಶ. 851ರ ಆ ವೃತ್ತಾಂತವನ್ನು ಸುಲೈಮಾನ್ ಎಂಬ ವರ್ತಕನ ಹೆಸರಿನೊಂದಿಗೆ ಜೋಡಿಸಲಾಗಿದೆ. ಚೀನದ ಪ್ರತಿಯೊಂದು ಊರಿನಲ್ಲೂ ಒಂದು ಸೊಪ್ಪು ಮಾರುತ್ತಾರೆ, ಅದರ ಮೇಲೆ ಕುದಿಯುವ ನೀರು ಸುರಿದು ಕುಡಿಯುತ್ತಾರೆ, ಅದು ಸುವಾಸನೆಯದು ಆದರೆ ಕಹಿ, ಉಪ್ಪಿನಂತೆ ಅದರ ಆದಾಯವೂ ದೊರೆಗೆ ಸೇರಿದ್ದು ಎಂಬ ವಿವರ ಅದರಲ್ಲಿದೆ. ಒಬ್ಬ ವರ್ತಕನ ಕಣ್ಣು ಎಲ್ಲೆಲ್ಲಿ ಓಡುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ: ಮೊದಲು ರುಚಿ, ಕೂಡಲೇ ತೆರಿಗೆ.

ಸಾಂಗ್ ರಾಜರ ಕಾಲಕ್ಕೆ, 11ನೆಯ ಶತಮಾನದಲ್ಲಿ, ಅರಮನೆಗೆ ಹೋಗುವ ಕಾಣಿಕೆಯ ಚಹಾದಲ್ಲಿ ಸ್ವಲ್ಪ ಪಚ್ಚಕರ್ಪೂರದ ಜಾತಿಯ ಸುಗಂಧ ಸೇರಿಸುತ್ತಿದ್ದರೆಂದು ಚಾಯ್ ಶಿಯಾಂಗ್ ಎಂಬ ಅಧಿಕಾರಿ ಬರೆದಿದ್ದಾನೆ. ಎಲೆ ಬೆಳೆಯುವ ಊರಿನವರು ತಾವು ರುಚಿ ಪರೀಕ್ಷೆ ಮಾಡುವಾಗ ಮಾತ್ರ ಅದನ್ನು ಹಾಕುತ್ತಿರಲಿಲ್ಲ. ಅಂದರೆ ಪರೀಕ್ಷೆಗೆ ಒಂದು ಚಹಾ, ಸಂತೋಷಕ್ಕೆ ಇನ್ನೊಂದು. ಮುಂದೆ ಫುಜಿಯಾನಿನ ಫುಝೌ ಊರು ಮಲ್ಲಿಗೆ ಚಹಾಕ್ಕೆ ಹೆಸರಾಯಿತು. ಅದರ ವಿಧಾನ ನಮ್ಮ ಕರಾವಳಿಯಲ್ಲಿ ಮಲ್ಲಿಗೆ ಕಟ್ಟುವವರಿಗೆ ಬೇಗ ಅರ್ಥವಾಗುತ್ತದೆ. ಹಗಲು ಕೊಯ್ದ ಮೊಗ್ಗು ಅರಳುವುದು ರಾತ್ರಿ. ಆಗ ಅದನ್ನು ಒಣ ಎಲೆಯ ಜೊತೆ ಹರಡಿಡುತ್ತಾರೆ. ಎಲೆ ಇಡೀ ರಾತ್ರಿ ಪರಿಮಳ ಹೀರುತ್ತದೆ. ಬೆಳಿಗ್ಗೆ ಬಾಡಿದ ಹೂವನ್ನು ಬೇರ್ಪಡಿಸುತ್ತಾರೆ. ಒಳ್ಳೆಯ ದರ್ಜೆಯ ಚಹಾಕ್ಕೆ ಇದೇ ಕೆಲಸ ಹಲವು ರಾತ್ರಿ ನಡೆಯುತ್ತದೆ. ಕೊನೆಗೆ ಬಟ್ಟಲಿನಲ್ಲಿ ಹೂವು ಇರುವುದೇ ಇಲ್ಲ, ಹೂವಿನ ನೆನಪು ಮಾತ್ರ ಇರುತ್ತದೆ.

ಮಿಜಾಜ್ ಎಂಬ ಮಾತು

ಉರ್ದು ಬಲ್ಲವರು ಯೋಗಕ್ಷೇಮ ವಿಚಾರಿಸುವಾಗ ‘ಮಿಜಾಜ್ ಹೇಗಿದೆ’ ಎಂದು ಕೇಳುತ್ತಾರೆ. ಮಿಜಾಜ್ ಎಂದರೆ ಸ್ವಭಾವ. ಆದರೆ ಅರಬಿಯಲ್ಲಿ ಆ ಪದದ ಮೂಲ ಅರ್ಥ ಬೆರಕೆ, ಮಿಶ್ರಣ. ಪವಿತ್ರ ಕುರ್‌ಆನ್‌ನ 76ನೆಯ ಅಧ್ಯಾಯದಲ್ಲಿ ಸ್ವರ್ಗವಾಸಿಗಳ ಪಾನೀಯದ ಪ್ರಸ್ತಾಪ ಬರುವಾಗ 5ನೆಯ ಮತ್ತು 17ನೆಯ ವಚನಗಳಲ್ಲಿ ಇದೇ ಪದ ಎರಡು ಸಲ ಬರುತ್ತದೆ. ಒಂದು ಪಾನೀಯದ ಮಿಜಾಜ್ ಕಾಫೂರ್, ಅಂದರೆ ಕರ್ಪೂರ. ಇನ್ನೊಂದರದ್ದು ಝಂಜಬೀಲ್, ಅಂದರೆ ಶುಂಠಿ. ಒಂದು ತಂಪು, ಇನ್ನೊಂದು ಬೆಚ್ಚಗೆ. ಝಂಜಬೀಲ್ ಎಂಬ ಪದದ ಬೇರು ಹುಡುಕಿದ ಭಾಷಾಶಾಸ್ತ್ರಜ್ಞರು ಸಿರಿಯಾಕ್, ಗ್ರೀಕ್, ಪ್ರಾಕೃತಗಳನ್ನು ದಾಟಿ ದಕ್ಷಿಣ ಭಾರತಕ್ಕೆ ಬಂದು ತಲುಪುತ್ತಾರೆ. ತಮಿಳು, ಮಲಯಾಳಂಗಳ ಇಂಜಿ ಮತ್ತು ಬೇರು ಎಂಬ ಅರ್ಥದ ವೇರ್, ಈ ಎರಡು ಪದಗಳು ಅದರ ಮೂಲದಲ್ಲಿವೆ ಎಂಬುದು ಅವರ ಅಭಿಪ್ರಾಯ. ನಮ್ಮ ನೆಲದ ಒಂದು ಬೇರಿನ ಹೆಸರು ಅಷ್ಟು ದೂರ ಹೋಗಿ ಅಷ್ಟು ಎತ್ತರದ ಜಾಗದಲ್ಲಿ ಕುಳಿತಿದೆ.

ಯುನಾನಿ ವೈದ್ಯದಲ್ಲಿ ಮಿಜಾಜ್ ಒಂದು ಪ್ರಧಾನ ಪರಿಕಲ್ಪನೆ. ಉಷ್ಣ, ಶೀತ, ಆರ್ದ್ರ, ಶುಷ್ಕ ಗುಣಗಳು ಬೆರೆತೇ ಮನುಷ್ಯನ ದೇಹವೂ ಆಹಾರವೂ ಆಗಿವೆ ಎಂಬುದು ಅದರ ನಂಬಿಕೆ. ಯಾವುದೂ ಬೆರಕೆಯಿಲ್ಲದೆ ಇಲ್ಲ. ಆ ವೈದ್ಯದಲ್ಲಿ ಗಿಡಮೂಲಿಕೆಗಳನ್ನು ನೀರಿಗೆ ಇಳಿಸುವ ಎರಡು ವಿಧಾನಗಳಿವೆ. ಕುದಿಸಿ ತೆಗೆದದ್ದು ಜೋಶಾಂದ. ನೆನೆಹಾಕಿ ತೆಗೆದದ್ದು ಖೀಸಾಂದ. ನೆಗಡಿ ಕೆಮ್ಮಿಗೆ ಮಾಡುವ ಜೋಶಾಂದದಲ್ಲಿ ಬನಫ್ಶಾ ಹೂವು, ಮುಲೇಠಿ ಅಂದರೆ ಜ್ಯೇಷ್ಠಮಧು, ಉನ್ನಾಬ್ ಎಂಬ ಒಣಗಿದ ಬೋರೆ ಇರುತ್ತವೆ. ಲು ಯು ಬೈದ ಚಹಾದಲ್ಲಿದ್ದ ಹಣ್ಣೂ ಇದೇ ಜಾತಿಯದು. ನಮ್ಮ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಪುಡಿಮಾಡಿಟ್ಟು, ಬೆಲ್ಲ ಹಾಲು ಹಾಕಿ ಕುಡಿಯುವ ಕಷಾಯವೂ ಇದೇ ಬಳಗಕ್ಕೆ ಸೇರಿದ್ದು. ಕುದಿಸಬೇಕಾದದ್ದು ಯಾವುದು, ನೆನೆಸಬೇಕಾದದ್ದು ಯಾವುದು ಎಂಬ ವಿವೇಕ ಹಕೀಮರಿಗೂ ಅಜ್ಜಿಯರಿಗೂ ಚಹಾ ಬರುವ ಮೊದಲೇ ಇತ್ತು.

ಒಂದು ಹೆಸರು, ಹಲವು ಬಟ್ಟಲು

ಕಹ್ವಾ ಎಂಬ ಪದವನ್ನೇ ನೋಡೋಣ. ಹಳೆಯ ಅರಬಿಯಲ್ಲಿ ಅದು ಮದ್ಯಕ್ಕಿದ್ದ ಹೆಸರುಗಳಲ್ಲಿ ಒಂದು. 15ನೆಯ ಶತಮಾನದಲ್ಲಿ ಯೆಮೆನಿನ ಸೂಫಿಗಳು ರಾತ್ರಿಯ ಝಿಕ್ರ್‌ಗಾಗಿ ಎಚ್ಚರವಿರಲು ಕುಡಿಯುತ್ತಿದ್ದ ಕಾಫಿಗೆ ಅದೇ ಹೆಸರು ಅಂಟಿತು. ಹೊಸ ಪಾನೀಯ ಕಂಡಾಗಲೆಲ್ಲ ಏಳುವ ಪ್ರಶ್ನೆ ಆಗಲೂ ಎದ್ದಿತು: ಇದು ಹಲಾಲೋ ಹರಾಮೋ? 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಕಾಫಿಯನ್ನು ನಿಷೇಧಿಸಿ ಬೀಜಗಳನ್ನು ಸುಡಿಸಿದ. ಆದರೆ ಕೈರೋದ ಸುಲ್ತಾನ ಆ ನಿಷೇಧವನ್ನು ಎತ್ತಿಹಿಡಿಯಲಿಲ್ಲ. ಜನ ಕುಡಿಯುತ್ತಲೇ ಹೋದರು, ವಿದ್ವಾಂಸರು ಕ್ರಮೇಣ ಒಪ್ಪಿದರು. ಆ ಒಪ್ಪಿಗೆ ಸಿಗದಿದ್ದರೆ ಚಂದ್ರದ್ರೋಣ ಪರ್ವತದ ಮೇಲೆ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಬಿತ್ತಿದರೆಂಬ ನಮ್ಮ ಐತಿಹ್ಯವೂ ಇರುತ್ತಿರಲಿಲ್ಲ. ಯೆಮೆನಿನಲ್ಲಿ ಬೀಜವನ್ನು ಮಾರಿ ಅದರ ಒಣ ಸಿಪ್ಪೆಯನ್ನು ಶುಂಠಿಯ ಜೊತೆ ಕುದಿಸಿ ಕುಡಿಯುವ ‘ಕಿಶ್ರ್’ ಎಂಬ ಪಾನೀಯವೂ ಉಂಟು.

ಅದೇ ಕಹ್ವಾ ಕಾಶ್ಮೀರಕ್ಕೆ ಬಂದಾಗ ಒಳಗಿನ ವಸ್ತುವೇ ಬದಲಾಗಿದೆ. ಅಲ್ಲಿ ಅದು ಕಾಫಿಯಲ್ಲ, ಹಸಿರು ಚಹಾ. ಕೇಸರಿ, ಏಲಕ್ಕಿ, ದಾಲ್ಚಿನ್ನಿ ಹಾಕಿ ಸಮೋವರ್‌ನಲ್ಲಿ ಕಾಯಿಸಿ, ಬಾದಾಮಿಯ ಚೂರು ಉದುರಿಸಿ ಕೊಡುತ್ತಾರೆ. ಕೊಲ್ಲಿಯ ಅರಬರ ಕಹ್ವಾದಲ್ಲಿ ತಿಳಿಯಾಗಿ ಹುರಿದ ಕಾಫಿಯ ಜೊತೆ ಏಲಕ್ಕಿ. ಎರಡಕ್ಕೂ ಸಾಮಾನ್ಯವಾದದ್ದು ಎಲೆಯೂ ಅಲ್ಲ, ಬೀಜವೂ ಅಲ್ಲ, ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಹುಟ್ಟಿದ ಏಲಕ್ಕಿ. ಇಂದು ಏಲಕ್ಕಿಯನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ಮಧ್ಯ ಅಮೆರಿಕದ ಗ್ವಾಟೆಮಾಲಾ. ಆದರೆ ಅದರ ತವರು ಈ ಘಟ್ಟಗಳೇ.

ಮೊರೊಕ್ಕೊದ ಕಥೆ ಇನ್ನೂ ಸ್ಪಷ್ಟವಾಗಿದೆ. ಪುದೀನ ಚಹಾ ಇಲ್ಲದ ಮೊರೊಕ್ಕೊವನ್ನು ಇಂದು ಊಹಿಸಲಾಗದು. ಆದರೆ 18ನೆಯ ಶತಮಾನದಲ್ಲಿ ಅಲ್ಲಿ ಚಹಾ ಅರಮನೆಯ ಉಡುಗೊರೆಯಷ್ಟೇ ಆಗಿತ್ತು. 1853ರಿಂದ 1856ರವರೆಗೆ ಕ್ರಿಮಿಯಾ ಯುದ್ಧ ನಡೆದಾಗ ಬಾಲ್ಟಿಕ್ ಕಡೆಯ ಮಾರುಕಟ್ಟೆ ಮುಚ್ಚಿಹೋಗಿ, ಬ್ರಿಟಿಷ್ ವರ್ತಕರು ಉಳಿದ ಚೀನೀ ಹಸಿರು ಚಹಾವನ್ನು ಟಾಂಜಿಯರ್ ಮತ್ತು ಮೊಗಡೋರ್ ಬಂದರುಗಳಲ್ಲಿ ಇಳಿಸಿದರು. ಪುದೀನ ಮುಂತಾದ ಸೊಪ್ಪುಗಳ ಕಷಾಯ ಅಲ್ಲಿ ಮೊದಲೇ ಇತ್ತು. ಎಲೆ ಹೋಗಿ ಅದಕ್ಕೆ ಸೇರಿಕೊಂಡಿತು. ಯುದ್ಧ ಯಾರದ್ದೋ, ಸರಕು ಯಾರದ್ದೋ. ಆದರೆ ಅತಿಥಿಯ ಮುಂದೆ ಎತ್ತರದಿಂದ ನೊರೆ ಬರುವಂತೆ ಸುರಿಯುವ ಬೆಳ್ಳಿಯ ಕೆಟಲ್ ಮೊರೊಕ್ಕೊದ್ದೇ ಆಗಿಹೋಯಿತು.

ಸೂರತ್‌ನಿಂದ ರೈಲು ನಿಲ್ದಾಣದವರೆಗೆ

ಭಾರತೀಯರಿಗೆ ಚಹಾ ಕಲಿಸಿದವರು ಬ್ರಿಟಿಷರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ದೇಶದ ಉದ್ದಗಲಕ್ಕೂ ಹಬ್ಬಿಸಿದವರು ಅವರು ಎಂದರೆ ಸರಿ. ಆದರೆ ಹಜ್‌ಗೆ ಹಡಗು ಹೊರಡುತ್ತಿದ್ದ ಸೂರತ್ ಬಂದರಿಗೆ 1689ರಲ್ಲಿ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ಬೇರೆಯೇ ಚಿತ್ರ ಕೊಡುತ್ತಾನೆ. ಅಲ್ಲಿಯವರು ಚಹಾವನ್ನು ಖಾರದ ಮಸಾಲೆಗಳೊಂದಿಗೆ ಕುದಿಸಿ ತಲೆನೋವು, ಹೊಟ್ಟೆನೋವಿಗೆ ಕುಡಿಯುತ್ತಿದ್ದರು. ಸಾಮಾನ್ಯವಾಗಿ ಕಲ್ಲುಸಕ್ಕರೆ ಹಾಕುತ್ತಿದ್ದರು, ಹೆಚ್ಚಿನ ರುಚಿಗಾರರು ಸಕ್ಕರೆ ಪಾಕದಲ್ಲಿಟ್ಟ ಸಣ್ಣ ನಿಂಬೆ ಹಾಕುತ್ತಿದ್ದರು. ಅಸ್ಸಾಮಿನಲ್ಲಿ ಮೊದಲ ಚಹಾ ಕಂಪನಿ ಹುಟ್ಟಿದ್ದು 1839ರಲ್ಲಿ. ಅದಕ್ಕೆ 150 ವರ್ಷ ಮೊದಲೇ ಮಸಾಲೆ ಚಹಾವೂ ನಿಂಬೆ ಚಹಾವೂ ಈ ದೇಶದ ಬಂದರಿನಲ್ಲಿದ್ದವು.

ಅಸ್ಸಾಮಿನ ಕಾಡಿನಲ್ಲೂ ಎಲೆ ಅನಾಥವಾಗಿರಲಿಲ್ಲ. ಅಲ್ಲಿಯ ಸಿಂಗ್ಫೊ ಜನ ಅದನ್ನು ಹುರಿದು, ಬಿದಿರಿನ ಅಂಡೆಯಲ್ಲಿ ತುಂಬಿ, ಒಲೆಯ ಹೊಗೆಯಲ್ಲಿ ಒಣಗಿಸಿ ಬಳಸುತ್ತಿದ್ದರು. ಆ ಎಲೆಯ ಬಳಿಗೆ ಇಂಗ್ಲಿಷರಿಗೆ ದಾರಿ ತೋರಿಸಿದವರಲ್ಲಿ ಒಬ್ಬನಾದ ಮಣಿರಾಮ್ ದೇವಾನ್ ಮುಂದೆ ತಾನೇ ತೋಟ ಮಾಡಿದ. 1857ರ ಬಂಡಾಯದಲ್ಲಿ ಸೇರಿದನೆಂದು 1858ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ತೋಟಗಳ ಮಾಲೀಕರಿಗೆ ಬಹಳ ಕಾಲ ಭಾರತೀಯ ಗಿರಾಕಿ ಬೇಕಿರಲಿಲ್ಲ, ಸರಕೆಲ್ಲ ಹೊರದೇಶಕ್ಕೆ. 1903ರಲ್ಲಿ ರಫ್ತಿನ ಮೇಲೆ ಒಂದು ಕರ ವಿಧಿಸಿ ಆ ಹಣದಲ್ಲಿ ಪ್ರಚಾರ ಶುರುವಾಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರಕು ಉಳಿದಾಗ ಪ್ರಚಾರದ ಜೋರು ಇಲ್ಲಿಯ ಊರು ಕೇರಿಗಳಿಗೆ ತಿರುಗಿತು. ಚಹಾ ಮಾಡಿ ತೋರಿಸುವ ತಂಡಗಳು ಬಂದವು. ರೈಲು ನಿಲ್ದಾಣಗಳಲ್ಲಿ ದೇಶಭಾಷೆಗಳ ಫಲಕಗಳು ಬಂದವು. ನೀರು ಕುದಿಸಿ, ಎಲೆಯ ಮೇಲೆ ಸುರಿದು, ಮುಚ್ಚಿಟ್ಟು, ಆಮೇಲೆ ಸ್ವಲ್ಪ ಹಾಲು ಎಂಬುದು ಅವರ ಪಾಠ. ನಮ್ಮ ಚಹಾದಂಗಡಿಯವರು ಪಾಠ ಕೇಳಿದರು, ಮಾಡಿದ್ದು ಬೇರೆ. ದುಬಾರಿ ಎಲೆ ಕಡಿಮೆ ಹಾಕಿ, ಹಾಲು ಸಕ್ಕರೆ ಹೆಚ್ಚು ಹಾಕಿ, ಶುಂಠಿ ಏಲಕ್ಕಿ ಜಜ್ಜಿ ಎಲ್ಲವನ್ನೂ ಒಟ್ಟಿಗೆ ಕುದಿಸಿದರು. ಪ್ರಚಾರಕರಿಗೆ ಇದು ಬೇಸರ ತಂದಿತು. ಮಸಾಲೆ ಹೆಚ್ಚಿದಷ್ಟೂ ಎಲೆಯ ಖರ್ಚು ಕಡಿಮೆಯಾಗುತ್ತದಲ್ಲ. ಆಗ ಅದನ್ನು ತಪ್ಪು ವಿಧಾನವೆಂದು ಕರೆದರು. ಇಂದು ಅದೇ ಮಸಾಲೆ ಚಹಾ ಭಾರತದ ಹೆಸರಿನಲ್ಲಿ ಪಶ್ಚಿಮದ ಕಾಫಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಎಲೆಯನ್ನು ಜಜ್ಜಿ, ಹರಿದು, ಸುರುಳಿಸುವ ಸಿಟಿಸಿ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದು, ಸ್ವಾತಂತ್ರ್ಯದ ನಂತರ ಅದರ ಅಗ್ಗದ ಗಟ್ಟಿ ಪುಡಿ ಎಲ್ಲೆಡೆ ಹಬ್ಬಿದಾಗ ಬಡವರ ಈ ವಿಧಾನವೇ ದೇಶದ ವಿಧಾನವಾಯಿತು.

ಇದಕ್ಕೆ ಒಪ್ಪದವರು ನಮ್ಮೊಳಗೂ ಇದ್ದರು. ಮೌಲಾನಾ ಅಬುಲ್ ಕಲಾಂ ಆಜಾದ್ 1942ರಿಂದ ಅಹಮದ್‌ನಗರದ ಕೋಟೆಯಲ್ಲಿ ಸೆರೆಯಲ್ಲಿದ್ದಾಗ ಬರೆದ ಪತ್ರಗಳು 1946ರಲ್ಲಿ ‘ಗುಬಾರೆ ಖಾತಿರ್’ ಎಂಬ ಹೆಸರಿನಲ್ಲಿ ಪ್ರಕಟವಾದವು. ಅದರಲ್ಲಿ ಚಹಾದ ಮೇಲೆ ಒಂದು ಸುಪ್ರಸಿದ್ಧ ಪತ್ರವಿದೆ. ಮೌಲಾನಾಗೆ ಬೇಕಾದದ್ದು ಚೀನದ ಎಲೆ. ಹಾಲು ಸುರಿದ ಚಹಾವನ್ನು ಅವರು ದ್ರವರೂಪದ ಹಲ್ವಾಕ್ಕೆ ಹೋಲಿಸಿ ಲೇವಡಿ ಮಾಡುತ್ತಾರೆ. ಲು ಯುವಿನ ದನಿಯೇ 1200 ವರ್ಷಗಳ ನಂತರ ಉರ್ದುವಿನಲ್ಲಿ ಕೇಳಿದಂತಾಗುತ್ತದೆ. ಆದರೆ ಅವರ ಮೆಚ್ಚಿನ ಚಹಾದ ಹೆಸರಿನಲ್ಲೇ ಮಲ್ಲಿಗೆ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಶುದ್ಧತೆಯ ಅತಿ ದೊಡ್ಡ ವಕೀಲರ ಬಟ್ಟಲಿನ ಹತ್ತಿರವೂ ಒಂದು ಹೂವು ಸುಳಿದಾಡುತ್ತಿತ್ತು.

ಕಲಬೆರಕೆ ಯಾವುದು?

ಹಾಗಾದರೆ ಏನು ಬೆರೆಸಿದರೂ ಸರಿಯೇ? ಇಲ್ಲ. ಕನ್ನಡದಲ್ಲಿ ಬೆರಕೆ ಬೇರೆ, ಕಲಬೆರಕೆ ಬೇರೆ. 1848ರಿಂದ ಚೀನದ ಒಳನಾಡಿನಲ್ಲಿ ವೇಷ ಮರೆಸಿ ಸುತ್ತಿ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ ರಾಬರ್ಟ್ ಫಾರ್ಚೂನ್, ಅಲ್ಲಿ ಹಸಿರು ಚಹಾಕ್ಕೆ ನೀಲಿ ಬಣ್ಣವನ್ನೂ ಜಿಪ್ಸಮ್ ಪುಡಿಯನ್ನೂ ಸವರುವುದನ್ನು ಕಂಡ. ಚೀನೀಯರು ಕುಡಿಯಲು ಹಾಗೆ ಮಾಡುತ್ತಿರಲಿಲ್ಲ. ಪರದೇಶದ ಗಿರಾಕಿಗಳು ಚೆಂದದ ಹಸಿರು ಕೇಳುತ್ತಿದ್ದರು, ಅದಕ್ಕಾಗಿ ಮಾಡುತ್ತಿದ್ದರು. ಅಂಥ ಚಹಾ ನೂರು ಪೌಂಡ್ ಕುಡಿದವರು ಅರ್ಧ ಪೌಂಡಿಗೂ ಹೆಚ್ಚು ಬಣ್ಣ, ಜಿಪ್ಸಮ್ ಕುಡಿದಂತೆ ಎಂದು ಅವನು ಲೆಕ್ಕ ಹಾಕಿದ. 1850ರ ದಶಕದಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹಸಾಲ್ ಸೂಕ್ಷ್ಮದರ್ಶಕದಲ್ಲಿ ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಇಂಥ ಕಲಬೆರಕೆಗಳನ್ನು ಬಯಲಿಗೆಳೆದ.

ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಬೆರೆಸಿದ ಅರ್ಲ್ ಗ್ರೇ ಚಹಾಕ್ಕೆ ಬ್ರಿಟನ್ನಿನ ಒಬ್ಬ ಪ್ರಧಾನಿಯ ಹೆಸರಿದೆ. ಚೀನದ ಒಬ್ಬ ಅಧಿಕಾರಿ ಅವನಿಗೆ ಈ ಮಿಶ್ರಣ ಕೊಟ್ಟನೆಂಬ ಕಥೆ ಇದೆ. ಆದರೆ ಆ ಪ್ರಧಾನಿ ಚೀನಕ್ಕೆ ಕಾಲಿಟ್ಟವನೇ ಅಲ್ಲ. ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇದೆ. ಅಗ್ಗದ ಚಹಾಕ್ಕೆ ಬರ್ಗಮಾಟ್ ಪರಿಮಳ ಕೂಡಿಸಿ ದುಬಾರಿಯದೆಂದು ಮಾರಿದರೆಂಬ ಆರೋಪ 1837ರಲ್ಲಿ ಇಂಗ್ಲೆಂಡಿನ ಒಂದು ವರ್ತಕ ಸಂಸ್ಥೆಯ ಮೇಲೆ ಬಂದಿತ್ತು. ಮುಚ್ಚಿಟ್ಟು ಬೆರೆಸಿದಾಗ ಅದು ಮೋಸ. ಹೆಸರು ಹೇಳಿ ಬೆರೆಸಿದಾಗ ಅದೇ ಎಣ್ಣೆ ಪರಿಮಳ. ವ್ಯಾಪಾರದ ಬಗ್ಗೆ ನಮ್ಮ ಧರ್ಮ ಹೇಳುವುದೂ ಇದನ್ನೇ: ಸರಕಿನ ಗುಣದೋಷವನ್ನು ಗಿರಾಕಿಯಿಂದ ಮುಚ್ಚಿಡಬಾರದು. ದೋಷ ಇರುವುದು ಬೆರೆಸುವುದರಲ್ಲಲ್ಲ, ಬಚ್ಚಿಡುವುದರಲ್ಲಿ.

ನಾಲಗೆಯ ಸಾಕ್ಷಿ

ಚರಿತ್ರೆಯನ್ನು ಪುಸ್ತಕದಲ್ಲಿ ಓದಿದರೆ ಸಾಲದೆಂದು ನಾವು ಇವುಗಳಲ್ಲಿ ಕೆಲವನ್ನು ಮಾಡಿ, ಬಿಳಿ ಪಿಂಗಾಣಿ ಬಟ್ಟಲುಗಳಲ್ಲಿ ಸಾಲಾಗಿಟ್ಟು ರುಚಿ ನೋಡಿದೆವು. ಚಹಾಗಳನ್ನು ಹೋಲಿಸಲೆಂದೇ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 1980ರಲ್ಲಿ ಒಂದು ಕ್ರಮ ಗೊತ್ತುಪಡಿಸಿತು. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅಷ್ಟು ಹೊತ್ತಿನಲ್ಲಿ ಚಹಾ ಕಡುವಾಗುತ್ತದೆ. ಹೋಲಿಸುವವರಿಗೆ ಬೇಕಾದದ್ದೂ ಅದೇ, ಎಲೆಯ ಗುಣದ ಜೊತೆ ದೋಷವೂ ಕಾಣಬೇಕು. ಕುಡಿಯುವ ಸಂತೋಷಕ್ಕೆ ಅರ್ಧ ಹೊತ್ತು ಸಾಕು.

ಹಾಲಿಲ್ಲದ ಕರಿ ಚಹಾಕ್ಕೆ ನಿಂಬೆರಸ ಬಿದ್ದ ಕೂಡಲೇ ಬಣ್ಣ ತಿಳಿಯಾಗುತ್ತದೆ. ಕರಾವಳಿಯಲ್ಲಿ, ಕೇರಳದಲ್ಲಿ ಬಿರಿಯಾನಿಯ ನಂತರ ಕೊಡುವ ಸುಲೈಮಾನಿ ಇದೇ. ಬಾಯಲ್ಲಿ ಉಳಿದ ತುಪ್ಪದ ಜಿಡ್ಡನ್ನು ಅದರ ಒಗರು ಮತ್ತು ಹುಳಿ ಒಟ್ಟಿಗೆ ತೊಳೆದುಬಿಡುತ್ತವೆ. ಅದರ ಪಕ್ಕದಲ್ಲಿ ಕಾಶ್ಮೀರಿ ಕಹ್ವಾ ಇಟ್ಟರೆ ಏಲಕ್ಕಿ ಎರಡರಲ್ಲೂ ಇದೆ, ಆದರೆ ನಡತೆ ಬೇರೆ. ಸುಲೈಮಾನಿಯಲ್ಲಿ ಅದು ಮೂಗಿಗೆ ಮೊದಲು ಬಂದು ಹೋಗುತ್ತದೆ. ಕಹ್ವಾದಲ್ಲಿ ಕೇಸರಿಯ ಹಿಂದೆ ನಿಂತು ನುಂಗಿದ ಮೇಲೆ ಬರುತ್ತದೆ. ಕಾಶ್ಮೀರದ ಇನ್ನೊಂದು ಚಹಾ, ಉಪ್ಪು ಹಾಕಿದ ನೂನ್ ಚಾಯ್, ಗುಲಾಬಿ ಬಣ್ಣದ್ದು. ಯಾವ ಬಣ್ಣವನ್ನೂ ಹಾಕುವುದಿಲ್ಲ. ಹಸಿರು ಎಲೆಯನ್ನು ಚಿಟಿಕೆ ಸೋಡಾದೊಂದಿಗೆ ಬಹಳ ಹೊತ್ತು ಕುದಿಸಿದರೆ ಕಡುಗೆಂಪಾಗುತ್ತದೆ, ಹಾಲು ಸೇರಿದಾಗ ಗುಲಾಬಿಯಾಗುತ್ತದೆ. ಲು ಯು ಒಪ್ಪಿದ ಉಪ್ಪು ಅಲ್ಲಿ ಇನ್ನೂ ಉಳಿದಿದೆ.

ಪುದೀನವನ್ನು ಕುದಿಸಿದರೆ ಹಸಿ ಹುಲ್ಲಿನ ವಾಸನೆ. ಬಿಸಿ ಚಹಾ ಸುರಿದು ಮುಚ್ಚಿಟ್ಟರೆ ಮಾತ್ರ ತಂಪು. ಖೀಸಾಂದದ ನಿಯಮ ಇದು. ಶುಂಠಿ ತದ್ವಿರುದ್ಧ, ಅದಕ್ಕೆ ಜೋಶಾಂದದ ನಿಯಮ, ನೀರಿನಲ್ಲಿ ಚೆನ್ನಾಗಿ ಕುದಿಯಬೇಕು. ಹಸಿಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಅದರಲ್ಲಿರುವ ಕಿಣ್ವ ಹಾಲನ್ನು ಒಡೆಯುವುದುಂಟು. ಸುಡಾನ್, ಈಜಿಪ್ಟ್‌ಗಳ ಕರ್ಕದೆಯಲ್ಲಿ ಚಹಾ ಎಲೆಯೇ ಇಲ್ಲ. ಅದು ನಮ್ಮ ಉತ್ತರ ಕರ್ನಾಟಕದ ಪುಂಡಿ ಸೊಪ್ಪಿನ ಬಳಗದ ಗಿಡದ ಕೆಂಪು ಪುಷ್ಪಪಾತ್ರೆಗಳನ್ನು ಒಣಗಿಸಿ ಮಾಡಿದ್ದು. ಮಾಣಿಕ್ಯದ ಬಣ್ಣ, ಪುಂಡಿ ಪಲ್ಯ ಉಂಡವರಿಗೆ ಗುರುತು ಹತ್ತುವ ಹುಳಿ. ಕೊತ್ತಂಬರಿ ಜೀರಿಗೆಯ ಕಷಾಯದಲ್ಲಿ ಒಗರಿಲ್ಲ, ನಿದ್ದೆ ಕೆಡಿಸುವ ಕೆಫೀನೂ ಇಲ್ಲ. ಅದರ ಪಕ್ಕದಲ್ಲಿ ಮಸಾಲೆ ಚಹಾ ಕುಡಿದಾಗಲೇ ತಿಳಿಯುವುದು, ಅದು ಈ ಕಷಾಯದ ಮನೆಯೊಳಗೆ ಎಲೆ ಬಂದು ಸೇರಿದ ಪಾನೀಯವೆಂದು. ಬೆಲ್ಲದ ಜಾಗದಲ್ಲಿ ಸಕ್ಕರೆ ಕುಳಿತಿದೆ. ಹಾಲು, ಮೆಣಸು, ಶುಂಠಿ ಮೊದಲಿದ್ದ ಜಾಗದಲ್ಲೇ ಇವೆ.

ಬೆರೆತ ಚಹಾ, ಬೆರೆಯದ ಬಟ್ಟಲು

ಇಷ್ಟು ನಾಡುಗಳ ಇಷ್ಟು ಪರಿಮಳಗಳನ್ನು ಒಳಗೆ ಕರೆದುಕೊಂಡ ಪಾನೀಯವನ್ನು ನಮ್ಮ ದೇಶದಲ್ಲಿ ಹೇಗೆ ಹಂಚಿದರು? ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ಚಾಯ್’, ‘ಮುಸ್ಲಿಮ್ ಚಾಯ್’ ಎಂಬ ಕೂಗು ಕೇಳುತ್ತಿತ್ತು. ನೀರಿಗೂ ಹಾಗೆಯೇ ಬೇರೆ ಬೇರೆ ಪಾತ್ರೆ. ಎಲೆ ಒಂದೇ ತೋಟದ್ದು, ಏಲಕ್ಕಿ ಒಂದೇ ಘಟ್ಟದ್ದು, ಕೆಟಲ್ ಮಾತ್ರ ಎರಡು. ಸ್ವಾತಂತ್ರ್ಯ ಬಂದ ಮೇಲೆ ಆ ಕೂಗು ನಿಂತಿತು. ಆದರೆ 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೂ ದಕ್ಷಿಣ ಭಾರತದ ಎಷ್ಟೋ ಹಳ್ಳಿಗಳ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಉಳಿಯಿತು. ಕುಡಿದವನೇ ತೊಳೆದು ಸೂರಿಗೆ ಸಿಕ್ಕಿಸಿಡಬೇಕಾದ ಲೋಟ ಅದು. ಮುಸ್ಲಿಮರಾದ ನಾವು ಒಂದೇ ತಟ್ಟೆಯಲ್ಲಿ ಉಣ್ಣುವವರೆಂದು ಹೇಳಿಕೊಳ್ಳುತ್ತೇವೆ. ನಮ್ಮೊಳಗಿನ ಮೇಲುಕೀಳು ಆ ತಟ್ಟೆಯ ಸುತ್ತ ಯಾರು ಕೂರಬೇಕೆಂದು ಎಷ್ಟು ಸಲ ತೀರ್ಮಾನಿಸಿದೆ ಎಂಬುದನ್ನೂ ಜೊತೆಗೇ ಕೇಳಿಕೊಳ್ಳಬೇಕು.

2020ರ ಕೊರೋನಾ ಕಾಲದಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯ ಕುಡಿಯಲು ಸಲಹೆ ನೀಡಿತು. ಜೋಶಾಂದ ಕುಡಿಯುವ ಮನೆಗಳಲ್ಲೂ ತುಳಸಿ ಗಿಡವಿರುವ ಮನೆಗಳಲ್ಲೂ ಒಂದೇ ಘಾಟು ಎದ್ದಿತು. ಅದೇ ವರ್ಷ ಮುಸ್ಲಿಮ್ ತರಕಾರಿ ಮಾರಾಟಗಾರರಿಂದ ಏನೂ ಕೊಳ್ಳಬೇಡಿ ಎಂಬ ಮಾತೂ ಹರಡಿತು. 2022ರ ಮಾರ್ಚ್‌ನಲ್ಲಿ ನಮ್ಮ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶವಿಲ್ಲವೆಂಬ ಫಲಕಗಳು ಎದ್ದವು. ಶುಂಠಿ ಬೇಕು, ಶುಂಠಿ ತೂಗುವ ಕೈ ಬೇಡ ಎಂಬುದು ಎಂಥ ಶುದ್ಧತೆ?

ಇದಕ್ಕೆ ಉತ್ತರ ಕೊಟ್ಟವರು ಪಂಡಿತರಲ್ಲ, ಕೈದಿಗಳು. 1945ರ ಕೊನೆಯಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಶುರುವಾಯಿತು. ಮೊದಲ ಮೊಕದ್ದಮೆಯ ಮೂವರು ಷಾ ನವಾಜ್ ಖಾನ್, ಪ್ರೇಮ್ ಕುಮಾರ್ ಸೆಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ, ಒಬ್ಬ ಸಿಖ್. ಆ ಫೌಜಿನ ಕೈದಿಗಳನ್ನು ಕಾಣಲು ಗಾಂಧೀಜಿ ಹೋದಾಗ ಅವರು ಒಂದು ದೂರು ಹೇಳಿದರು. ಫೌಜಿನಲ್ಲಿ ತಮಗೆ ಜಾತಿ ಮತದ ಭೇದವೇ ಇರಲಿಲ್ಲ, ಇಲ್ಲಿ ಸರ್ಕಾರ ಹಿಂದೂ ಚಹಾ, ಮುಸ್ಲಿಮ್ ಚಹಾ ಎಂದು ಬೇರೆ ಬೇರೆ ತಂದು ಕೊಡುತ್ತಿದೆ ಎಂದರು. ಅದನ್ನು ನೀವು ಏಕೆ ಸಹಿಸುತ್ತೀರಿ ಎಂದು ಗಾಂಧೀಜಿ ಕೇಳಿದರು. ಸಹಿಸುವುದಿಲ್ಲ, ಎರಡನ್ನೂ ಅರ್ಧ ಅರ್ಧ ಬೆರೆಸಿಯೇ ಎಲ್ಲರಿಗೂ ಹಂಚುತ್ತೇವೆ ಎಂಬುದು ಅವರ ಉತ್ತರವಾಗಿತ್ತು.

ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವುದಕ್ಕೆ ಬೆಂಗಳೂರಿನ ಹೋಟೆಲುಗಳಲ್ಲಿ ಬೈಟೂ ಎನ್ನುತ್ತಾರೆ. ಕೆಂಪುಕೋಟೆಯವರು ಮಾಡಿದ್ದು ಅದರ ತಿರುವು, ಎರಡು ಚಹಾವನ್ನು ಒಂದು ಮಾಡಿದರು. ಚೀನದಿಂದ ಮೊರೊಕ್ಕೊದವರೆಗಿನ ಬಟ್ಟಲುಗಳನ್ನು ಹೋಲಿಸುತ್ತ ಬಂದ ನಮಗೆ ಅವರ ಬಟ್ಟಲಿನ ರುಚಿ ತಿಳಿಯುವ ದಾರಿಯಿಲ್ಲ. ಸರ್ಕಾರಿ ಚಹಾ, ಬಹುಶಃ ನೀರು ನೀರಾಗಿಯೇ ಇದ್ದಿರಬೇಕು. ಆದರೆ ಅದರ ಮಿಜಾಜು ಸರಿಯಾಗಿತ್ತು.